ಒಂದೇ ಟ್ಯಾಂಕಿಗೆ ಎರಡು ಹೆಸರು

ಶಿವಮೊಗ್ಗದಲ್ಲಿ ನಮ್ಮದು ಅಕ್ವೇರಿಯಂ ಅಂಗಡಿ. ಮೀನು ಬಹುಪಾಲು ಚೆನ್ನೈನ ಕೊಳತ್ತೂರಿನಿಂದ ಬರುತ್ತದೆ. ಆಕ್ಸಿಜನ್ ತುಂಬಿದ ಕವರುಗಳ ಜೊತೆ ಬರುವ ಬಿಲ್ಲಿನಲ್ಲಿ ಶಾರ್ಕ್, ಪ್ಯಾರಟ್, ಸಕ್ಕರ್ ಅಂತ ಬರೆದಿರುತ್ತದೆ. ಇವು ವ್ಯಾಪಾರದ ಹೆಸರುಗಳು. ಮೀನು ಹಿಡಿದವರು, ಸಾಕಿದವರು, ಮಾರಿದವರು ಯಾರಾದರೂ ಇಡಬಹುದು, ನಿಯಮವೇನೂ ಇಲ್ಲ. ಅದಕ್ಕೇ ನಾನು ಪ್ರತಿ ಟ್ಯಾಂಕಿನ ಮೇಲೂ ಎರಡು ಹೆಸರು ಬರೆಯುತ್ತೇನೆ. ಮೇಲೆ ಗಿರಾಕಿ ಕೇಳುವ ಹೆಸರು, ಕೆಳಗೆ ವೈಜ್ಞಾನಿಕ ಹೆಸರು.

ಇದಕ್ಕೆ ಮುಖ್ಯ ಕಾರಣ 'ಶಾರ್ಕ್'. ಬೆನ್ನಿನ ರೆಕ್ಕೆ ನೆಟ್ಟಗೆ ನಿಂತರೆ ಸಾಕು, ವ್ಯಾಪಾರದಲ್ಲಿ ಅದು ಶಾರ್ಕ್. ಬಾಲಾ ಶಾರ್ಕ್, ರೆಡ್ ಟೇಲ್ ಶಾರ್ಕ್ ಎರಡೂ ಕಾರ್ಪ್ ಬಳಗದವು. ನಮ್ಮ ಕಡೆ ಸುಮ್ನೆ ಶಾರ್ಕ್ ಅಂತ ಮಾರುವ ಬೆಳ್ಳಿ ಬಣ್ಣದ ಮರಿ ಪಂಗಾಸಿಯಾನೊಡಾನ್ ಹೈಪೊಫ್ತಾಲ್ಮಸ್. ಹೋಟೆಲಿನಲ್ಲಿ ಬಾಸಾ ಅಂತ ಬಡಿಸುವುದು ಇದನ್ನೇ. ಮೆಕಾಂಗ್ ನದಿಯ ಮೀನು, ಒಂದು ಮೀಟರಿಗಿಂತ ಜಾಸ್ತಿ ಬೆಳೆಯುತ್ತದೆ. ಎರಡಡಿ ಟ್ಯಾಂಕಿಗೆ ಅದನ್ನು ಕೊಡುವುದು ಮೀನಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ವೈಜ್ಞಾನಿಕ ಹೆಸರು ಕಣ್ಣೆದುರಿಗಿದ್ದರೆ ಗಿರಾಕಿ ಅಲ್ಲೇ ಫೋನಿನಲ್ಲಿ ಹುಡುಕಿ, ಎಷ್ಟು ದೊಡ್ಡದಾಗುತ್ತದೆ ಅಂತ ತಾವೇ ನೋಡಿಕೊಳ್ಳುತ್ತಾರೆ. 'ಟ್ಯಾಂಕ್ ಕ್ಲೀನರ್' ಅನ್ನುವ ಸಕ್ಕರ್ ಮೀನಿನದೂ ಇದೇ ಕತೆ. ಆ ಹೆಸರು ನಂಬಿ ಎಷ್ಟೋ ಜನ ಅದಕ್ಕೆ ಆಹಾರವನ್ನೇ ಹಾಕುವುದಿಲ್ಲ.

ಹೊಸ ಮೀನು ಬಂದಾಗ ನಾನು ಬಿಲ್ಲಿನ ಹೆಸರನ್ನು ಪಕ್ಕಕ್ಕಿಡುತ್ತೇನೆ. ಮೊದಲು ಒಂದು ದಿನ ಸುಧಾರಿಸಿಕೊಳ್ಳಲು ಬಿಡಬೇಕು. ಪ್ರಯಾಣದ ಗಾಬರಿಯಲ್ಲಿ ಬಣ್ಣ ಪೂರಾ ಮಾಸಿರುತ್ತದೆ. ಆಮೇಲೆ ಪಕ್ಕದಿಂದ ಫೋಟೋ ತೆಗೆದು ಬಾಯಿ ಯಾವ ಕಡೆಗಿದೆ, ಮೀಸೆ ಇದೆಯಾ, ರೆಕ್ಕೆಯಲ್ಲಿ ಮಚ್ಚೆ ಇದೆಯಾ ನೋಡುತ್ತೇನೆ. ಯಾವ ದೇಶದ ಮೀನು ಅಂತ ಹೋಲ್‌ಸೇಲ್‌ನವರನ್ನು ಕೇಳಿ, ಕೊನೆಗೆ ಮೀನುಗಳ ಮಾಹಿತಿ ಇರುವ ಫಿಶ್‌ಬೇಸ್ ಜಾಲತಾಣದಲ್ಲಿ ಹೋಲಿಸುತ್ತೇನೆ.

ನನಗೆ ಬಹಳ ಇಷ್ಟದ ಉದಾಹರಣೆ ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ಡೆನಿಸನ್ ಬಾರ್ಬ್. ಉದ್ದ ಮೈ, ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ. ಕೇರಳ, ಕರ್ನಾಟಕದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದರ ಮೂಲ ನೆಲೆಯಿಲ್ಲ. 1865ರಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ ಅದಕ್ಕೆ ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ ಹೆಸರಿಟ್ಟರು. ವ್ಯಾಪಾರದಲ್ಲಿ ಅದೇ ಮೀನು ಡೆನಿಸನ್ ಬಾರ್ಬ್, ಮಿಸ್ ಕೇರಳ, ರೋಸ್‌ಲೈನ್ ಶಾರ್ಕ್! ಇದೇ ಹೆಸರುಗಳಲ್ಲಿ ಇನ್ನೊಂದು ಜಾತಿಯೂ ಮಾರಾಟವಾಗುತ್ತದೆ. ಚಾಲಕ್ಕುಡಿ ಹೊಳೆಯ ಆ ಮೀನಿನ ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆ ಇರುತ್ತದೆ. ಎರಡೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಎರಡನ್ನೂ ಒಂದೇ ಹೆಸರಲ್ಲಿ ಮಾರಿದರೆ ಹೊಳೆಯಿಂದ ಯಾವುದು ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಾದರೂ ಹೇಗೆ? ಅದಕ್ಕೇ ಈ ಮೀನು ಬಂದರೆ ಒಂದೊಂದನ್ನೂ ನೋಡಿ ಬೇರೆ ಮಾಡುತ್ತೇನೆ. ಫಾರ್ಮಿನಲ್ಲಿ ಮರಿ ಮಾಡಿದ್ದಾ, ಹೊಳೆಯಲ್ಲಿ ಹಿಡಿದದ್ದಾ ಅಂತಲೂ ಕೇಳುತ್ತೇನೆ.

ವೈಜ್ಞಾನಿಕ ಹೆಸರೂ ಬದಲಾಗುತ್ತದೆ ಅನ್ನುವುದು ನೆನಪಿರಲಿ. ಡೆನಿಸನ್ ಮೀನಿನ ಕುಲದ ಹೆಸರು ಲೇಬಿಯೋ ಇದ್ದದ್ದು ಪುಂಟಿಯಸ್ ಆಗಿ, 2013ರಲ್ಲಿ ಸಹ್ಯಾದ್ರಿಯಾ ಆಯಿತು. ಗಪ್ಪಿ ಮೀನಿನ ಕತೆ ನೋಡಿ. ಟ್ರಿನಿಡಾಡ್‌ನಿಂದ ಆ ಮೀನು ಕಳಿಸಿದ ಗಪ್ಪಿ ಅನ್ನುವವರ ಹೆಸರನ್ನು 1866ರಲ್ಲಿ ಅದಕ್ಕೆ ಇಡಲಾಯಿತು. ಆದರೆ ಅದೇ ಮೀನಿಗೆ 1859ರಲ್ಲೇ ಬೇರೆ ಹೆಸರಿತ್ತು, ಹಾಗಾಗಿ ವಿಜ್ಞಾನದಲ್ಲಿ ಅದು ನಿಲ್ಲಲಿಲ್ಲ. ಅಂಗಡಿಯಲ್ಲಿ ಮಾತ್ರ ಇವತ್ತಿಗೂ ಗಪ್ಪಿಯೇ! ಹೀಗಾಗಿ ಮೇಲಿನ ಹೆಸರನ್ನು ಪೇಂಟಿನಲ್ಲಿ ಬರೆಸಿದ್ದೇನೆ, ಕೆಳಗಿನದನ್ನು ಅಳಿಸಬಹುದಾದ ಮಾರ್ಕರಿನಲ್ಲಿ.

ಪ್ಯಾರಟ್ ಮೀನು ಮನುಷ್ಯರು ಮಾಡಿದ ಮಿಶ್ರತಳಿ, ಅದಕ್ಕೆ ವೈಜ್ಞಾನಿಕ ಹೆಸರಿಲ್ಲ. ಅಲ್ಲಿ 'ಮಿಶ್ರತಳಿ' ಅಂತಲೇ ಬರೆಯುತ್ತೇನೆ.

ಕೆಲವೊಮ್ಮೆ ವ್ಯಾಪಾರ ವಿಜ್ಞಾನಕ್ಕಿಂತ ಮುಂದೆ ಓಡುತ್ತದೆ. 2006ರಲ್ಲಿ ಮ್ಯಾನ್ಮಾರ್‌ನಲ್ಲಿ ಸಿಕ್ಕ ಚುಕ್ಕೆ ಮೀನು 'ಗ್ಯಾಲಕ್ಸಿ ರಾಸ್ಬೋರಾ' ಅಂತ ಮಾರಾಟವಾಯಿತು. ವಿಜ್ಞಾನದ ಹೆಸರು ಬಂದದ್ದು 2007ರಲ್ಲಿ. ಅದು ಡ್ಯಾನಿಯೋ ಕುಲದ ಮೀನು, ರಾಸ್ಬೋರಾ ಅಲ್ಲವೇ ಅಲ್ಲ. ಇಂಥ ಗೊಂದಲಕ್ಕೆ ಜರ್ಮನಿಯ ಅಕ್ವೇರಿಯಂ ಪತ್ರಿಕೆ ಡಾಟ್ಸ್ 1988ರಲ್ಲಿ ಮಾಡಿದ ದಾರಿ ನನಗೆ ತುಂಬಾ ಹಿಡಿಸಿತು. ಹೆಸರಿಲ್ಲದ ಸಕ್ಕರ್ ಜಾತಿಗಳಿಗೆ ಅವರು ಎಲ್ ಅಕ್ಷರದ ಜೊತೆ ಒಂದೊಂದು ನಂಬರ್ ಕೊಟ್ಟರು. ಎಲ್ 46 ಅಂದರೆ ಝೀಬ್ರಾ ಪ್ಲೆಕೊ ಅನ್ನುವ ಸಕ್ಕರ್ ಅಂತ ಸಾಕುವವರಿಗೆಲ್ಲ ಗೊತ್ತು. ನಾನೂ ಗುರುತು ಸಿಗದ ಮೀನಿಗೆ ಊಹೆಯ ಹೆಸರು ಬರೆಯುವುದಿಲ್ಲ. ಬಂದ ತಿಂಗಳು, ಕಳಿಸಿದ ಊರು ಬರೆದು, ಫೋಟೋವನ್ನು ಅಲ್ಲೇ ಅಂಟಿಸುತ್ತೇನೆ.