ಬೈಯುವ ಮೊದಲು ಬರೆದಿಡಿ: ತರಗತಿಯ ತಂಟೆಕೋರರನ್ನು ಸಂಭಾಳಿಸುವುದು ಹೇಗೆ?

ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲೂ ಒಂದೆರಡು ಮಕ್ಕಳ ಹೆಸರು ಸದಾ ಓಡಾಡುತ್ತಿರುತ್ತದೆ. "ಅವನಾ? ಹೋದ ವರ್ಷ ನಾನೂ ನೋಡಿದ್ದೀನಿ ಬಿಡಿ, ಸುಧಾರಿಸೋ ಪೈಕಿ ಅಲ್ಲ." ಬೈದದ್ದಾಯ್ತು, ಹೊರಗೆ ನಿಲ್ಲಿಸಿದ್ದಾಯ್ತು, ಅಪ್ಪನನ್ನು ಕರೆಸಿದ್ದೂ ಆಯ್ತು. ವಾರ ಕಳೆದರೆ ಮತ್ತೆ ಅದೇ ಕಥೆ. ಮಗು ಏನು ಮಾಡುತ್ತದೆ ಎಂಬುದು ನಮಗೆ ಗೊತ್ತು. ಹಾಗೆ ಮಾಡಿದ್ದರಿಂದ ಅದಕ್ಕೆ ಏನು ಸಿಗುತ್ತಿದೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ಪತ್ತೆಹಚ್ಚಲು ಒಂದು ನೋಟ್‌ಬುಕ್ಕು, ಎರಡು ವಾರದ ತಾಳ್ಮೆ ಬೇಕು.

ಅಂದ ಹಾಗೆ, ಬೆತ್ತದ ದಾರಿ ಈಗ ಇಲ್ಲವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಲ್ಲರೆದುರು "ದಡ್ಡ ಮುಂಡೇದು" ಎಂದು ಹಂಗಿಸುವುದೂ ಬೇಡ.

ಮೊದಲು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ

"ಗಲಾಟೆ ಮಾಡ್ತಾನೆ", "ಕೊಬ್ಬು ಜಾಸ್ತಿ" ಎನ್ನುವುದೆಲ್ಲ ನಮ್ಮ ತೀರ್ಪು. "ಗಣಿತದ ಪಿರಿಯಡ್‌ನಲ್ಲಿ ಜಾಗ ಬಿಟ್ಟು ಎದ್ದು ಪಕ್ಕದವನ ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ" ಎಂದು ಬರೆದರೆ ಅದನ್ನು ಎಣಿಸಬಹುದು. ದೂರು ಹತ್ತಿದ್ದರೂ ಒಂದನ್ನೇ ಆರಿಸಿಕೊಳ್ಳಿ. ಬೇರೆ ಮಕ್ಕಳಿಗೆ ನೋವಾಗುವಂಥದ್ದು ಇದ್ದರೆ ಅದೇ ಮೊದಲು.

ಆಮೇಲೆ ಮೂರು ಕಾಲಂ ಹಾಕಿ. ಅದಕ್ಕೆ ಮುಂಚೆ ಏನಾಗುತ್ತಿತ್ತು? ಮಗು ಏನು ಮಾಡಿತು? ಮಾಡಿದ ಮೇಲೆ ಏನಾಯಿತು? ನಲವತ್ತು ಮಕ್ಕಳ ಮಧ್ಯೆ ಇದನ್ನೆಲ್ಲ ಬರೆಯುತ್ತಾ ಕೂರಲು ಆಗಲ್ಲ, ಅಲ್ವಾ? ಪಾಠದ ನಡುವೆ ಒಂದು ಚೀಟಿಯಲ್ಲಿ ಗೀಟು ಎಳೆದು ಗಂಟೆ ಬರೆದುಕೊಂಡರೆ ಸಾಕು. ಉಳಿದದ್ದನ್ನು ಪಿರಿಯಡ್ ಮುಗಿದ ಕೂಡಲೇ ತುಂಬಿಸಿ. ಸಂಜೆಗೆ ಬಿಟ್ಟರೆ ಸಿಟ್ಟು ಮಾತ್ರ ನೆನಪಿರುತ್ತದೆ.

ಮೂರನೇ ಕಾಲಂ ಕಷ್ಟದ್ದು. ಅಲ್ಲಿ ಬರೆಯಬೇಕಾದದ್ದು ಹೆಚ್ಚಾಗಿ ನಾವು ಮಾಡಿದ್ದನ್ನೇ. ಪೆನ್ಸಿಲ್ ಕಿತ್ತುಕೊಳ್ಳುವ ಆ ಹುಡುಗ ನಾಲ್ಕನೇ ತರಗತಿಯವನು, ಅವನ ಪುಟ ಹೀಗಿದೆ ಎಂದುಕೊಳ್ಳಿ: ಸೋಮವಾರ 2.40, ಭಾಗಾಕಾರದ ಲೆಕ್ಕ ಕೊಟ್ಟೆ, ಪೆನ್ಸಿಲ್ ಕಿತ್ತುಕೊಂಡ, ಹೊರಗೆ ಕಳಿಸಿದೆ. ಬುಧವಾರ 2.35, ಮತ್ತೆ ಭಾಗಾಕಾರ, ಪಕ್ಕದವನನ್ನು ತಳ್ಳಿದ, ಹೊರಗೆ ಕಳಿಸಿದೆ. ಗುರುವಾರ ಅದೇ ಹೊತ್ತಿಗೆ ಚಿತ್ರ ಬಿಡಿಸಲು ಹೇಳಿದೆ, ಏನೂ ಇಲ್ಲ. ಗುರುವಾರದ ಸಾಲನ್ನು ಬಿಡಬೇಡಿ. ತಂಟೆ ಮಾಡದ ಹೊತ್ತನ್ನು ಬರೆದಿಟ್ಟಾಗಲೇ ಎಷ್ಟೋ ಸಲ ಗುಟ್ಟು ಸಿಗುವುದು.

ಕಣ್ಣು, ಕಿವಿ, ಹೊಟ್ಟೆ

ಬುದ್ಧಿ ಹೇಳುವ ಮೊದಲು ಇವನ್ನು ನೋಡಿ. ಪದೇ ಪದೇ ಬೋರ್ಡಿನ ಹತ್ತಿರ ಬರುವ, ಪಕ್ಕದವಳ ಪುಸ್ತಕಕ್ಕೆ ಇಣುಕುವ ಮಗುವಿಗೆ ದೂರದ ಅಕ್ಷರ ಕಾಣದೇ ಇರಬಹುದು. ಕಿವಿ ಸೋರುವ ಮಗು ಕರೆದರೆ ತಿರುಗದಿದ್ದರೆ ಅದು ಉದ್ಧಟತನ ಅಲ್ಲ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಇಂಥ ಮಕ್ಕಳನ್ನು ಗುರುತಿಟ್ಟು ಮುಂದೆ ಕಳಿಸಿ. ಬೆಳಗಿನ ಕೆಲಸಕ್ಕೆ ಹೋಗುವ ಅಪ್ಪ ಅಮ್ಮನ ಮಕ್ಕಳು ತಿಂಡಿ ಇಲ್ಲದೆ ಬಂದಿರುತ್ತಾರೆ. ಬಿಸಿಯೂಟಕ್ಕೆ ಮುಂಚಿನ ಪಿರಿಯಡ್‌ನಲ್ಲೇ ಜಗಳ ಜಾಸ್ತಿ ಅಂತಾದರೆ ಕಾರಣ ಹುಡುಕಲು ಜಾಸ್ತಿ ದೂರ ಹೋಗಬೇಕಿಲ್ಲ. ಇನ್ನು, ಮನೆಯಲ್ಲಿ ಲಂಬಾಣಿಯನ್ನೋ ಹಿಂದಿಯನ್ನೋ ಆಡಿ, ಶಾಲೆಯಲ್ಲಿ ಪಾಠದ ಅರ್ಧ ಅರ್ಥವಾಗದೆ ಕೂತ ಮಗು ಇನ್ನೆಷ್ಟು ಹೊತ್ತು ಸುಮ್ನೆ ಇದ್ದೀತು?

ಏನು ಸಿಗುತ್ತಿದೆ?

ಇವೆಲ್ಲ ಸರಿಯಿದ್ದರೆ ಮತ್ತೆ ಆ ಮೂರನೇ ಕಾಲಂಗೆ ಬನ್ನಿ. ತಂಟೆಯಿಂದ ಮಕ್ಕಳಿಗೆ ಸಿಗುವುದು ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು: ಬೇರೆಯವರ ಗಮನ, ಕಷ್ಟದ ಕೆಲಸದಿಂದ ಬಿಡುಗಡೆ, ಬೇಕಾದ ವಸ್ತು, ಇಲ್ಲವೇ ಕಾಲು ಕುಣಿಸಿದರೋ ಪೆನ್ನು ಕುಟ್ಟಿದರೋ ಮೈಗೆ ಸಿಗುವ ಹಿತ. ನಮ್ಮ ಹುಡುಗನಿಗೆ ಭಾಗಾಕಾರದಿಂದ ಪಾರಾಗಬೇಕು. ಹೊರಗೆ ಕಳಿಸಿದ್ದು ಶಿಕ್ಷೆ ಎಂದು ನಾವು ಅಂದುಕೊಂಡೆವು, ಅವನಿಗೆ ಅದು ಬಹುಮಾನ. ಗಮನ ಬೇಕಾದ ಮಗುವಿಗೆ ಬೈಗುಳವೂ ಹೀಗೇ. ಇಡೀ ತರಗತಿ ತಿರುಗಿ ನೋಡುತ್ತದೆ, ಟೀಚರ್ ಬಾಯಲ್ಲಿ ಹೆಸರು ಬರುತ್ತದೆ, ಇನ್ನೇನು ಬೇಕು!

ಆದ್ದರಿಂದ ಮದ್ದು ಕಾರಣ ನೋಡಿ ಬದಲಾಗಬೇಕು. ಪಾರಾಗಲು ನೋಡುವವನಿಗೆ ಹತ್ತು ಲೆಕ್ಕದ ಬದಲು ನಾಲ್ಕು ಕೊಡಿ. ಮೊದಲ ಎರಡು ಅವನಿಗೆ ಖಂಡಿತ ಬರುವಂಥದ್ದಾಗಿರಲಿ. ಮಗ್ಗಿಯೇ ಬರದಿದ್ದರೆ ಭಾಗಾಕಾರ ಬರುವುದಾದರೂ ಹೇಗೆ, ಅಲ್ಲಿಂದಲೇ ಶುರು ಮಾಡಿ. ಕಷ್ಟವಾದಾಗ ಎತ್ತಿ ತೋರಿಸಲು ಒಂದು ಚೀಟಿ ಕೊಡಿ. ತೋರಿಸಿದರೆ ನೀರು ಕುಡಿದು ಬಂದು ಮತ್ತೆ ಕೂರಬಹುದು. ತಳ್ಳಿದರೆ ಮಾತ್ರ ಲೆಕ್ಕದಿಂದ ಬಿಡುಗಡೆ ಇಲ್ಲ. ಅವನಿಗೆ ಬೇಕಾದದ್ದನ್ನು ಕೇಳಿ ಪಡೆಯುವ ದಾರಿ ಕಲಿಸದೆ ಬರೀ "ಮಾಡಬೇಡ" ಎಂದರೆ ತಂಟೆ ಬೇರೆ ರೂಪದಲ್ಲಿ ಬರುತ್ತದೆ.

ಗಮನ ಬೇಕಾದವಳಿಗೆ ಅದನ್ನು ಮೊದಲೇ ಕೊಟ್ಟುಬಿಡಿ. ಪುಸ್ತಕ ಹಂಚಲು ಹೇಳಿ, ಓಡಾಡುವಾಗ ಅವಳ ಪಕ್ಕ ಒಂದು ನಿಮಿಷ ನಿಲ್ಲಿ. "ಗುಡ್" ಎಂದರೆ ಸಾಲದು, "ಇವತ್ತು ಕೈಯೆತ್ತಿ ಕೇಳಿದೆ, ಖುಷಿಯಾಯ್ತು" ಎನ್ನಿ. ಸಣ್ಣಪುಟ್ಟ ಸದ್ದನ್ನು ನೋಡಿಯೂ ನೋಡದಂತಿರಿ. ಹೊಡೆದಾಟಕ್ಕೆ ಈ ನಿಯಮ ಸಲ್ಲದು, ಅದನ್ನು ತಕ್ಷಣ ತಡೆಯಬೇಕು. ಒಂದು ಎಚ್ಚರಿಕೆ: ನೀವು ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ತಂಟೆ ಇನ್ನೂ ಜೋರಾಗುವುದುಂಟು. ಹಳೇ ದಾರಿ ಇನ್ನೂ ನಡೆಯುತ್ತದಾ ಎಂದು ಮಗು ನೋಡುತ್ತಿರುತ್ತದೆ. ಹೆಚ್ಚಿನವರು ಕೈಬಿಡುವುದು ಅಲ್ಲೇ.

ತಂಟೆಕೋರನನ್ನೇ ಮಾನಿಟರ್ ಮಾಡುವ ಹಳೇ ಉಪಾಯದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಗಮನ ಬೇಕಾದವರಿಗೆ ಅದು ಹೊಂದೀತು. ಕೈ ಮಾಡುವ ಹುಡುಗನಿಗೆ ಬೋರ್ಡಿನ ಮೇಲೆ ಹೆಸರು ಬರೆಯುವ ಅಧಿಕಾರ ಕೊಟ್ಟರೆ ಉಳಿದ ಮಕ್ಕಳ ಗತಿ ಏನು?

ಪೋಷಕರನ್ನು ಕರೆಸಿದಾಗ ದೂರಿನಿಂದ ಶುರು ಮಾಡಬೇಡಿ. ಸಂಜೆ ಮನೆಯಲ್ಲಿ ಏಟು ಬೀಳುತ್ತದೆ, ಮಾರನೇ ದಿನ ಆ ಸಿಟ್ಟು ತರಗತಿಗೇ ಬರುತ್ತದೆ. "ಮನೇಲಿ ಓದೋಕೆ ಕೂತಾಗ ಹೇಗಿರ್ತಾನಮ್ಮ?" ಎಂದು ಕೇಳಿ ನೋಡಿ.

ಎರಡು ವಾರದ ಮೇಲೆ ಮತ್ತೆ ಗೀಟು ಎಣಿಸಿ. ದಿನಕ್ಕೆ ಆರು ಇದ್ದದ್ದು ಮೂರಕ್ಕೆ ಇಳಿದಿದ್ದರೆ ದಾರಿ ಸರಿಯಿದೆ, ಮುಂದುವರಿಸಿ. ಇಳಿಯದಿದ್ದರೆ ಕಾರಣವನ್ನು ನಾವು ತಪ್ಪಾಗಿ ಊಹಿಸಿರಬಹುದು. ಮತ್ತೆ ಮೂರು ಕಾಲಂ ಬರೆಯಿರಿ.

ನಮ್ಮ ಕೈ ಮೀರಿದಾಗ

ಚಂಚಲ ಮಗುವಿಗೆಲ್ಲ "ಎಡಿಎಚ್‌ಡಿ" (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದು ಹಣೆಪಟ್ಟಿ ಹಚ್ಚುವುದು ಈಗ ರೂಢಿಯಾಗಿಬಿಟ್ಟಿದೆ. ಅದನ್ನು ಹೇಳಬೇಕಾದವರು ವೈದ್ಯರು. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಶಾಲೆ ಮನೆ ಎರಡೂ ಕಡೆ ಕಾಣಬೇಕು. ನೀವು ಬರೆದಿಟ್ಟ ಪುಟಗಳು ಅವರಿಗೆ ತುಂಬಾ ಉಪಯೋಗಕ್ಕೆ ಬರುತ್ತವೆ. ಕಲಿಕಾ ನ್ಯೂನತೆಯ ಅನುಮಾನವಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಮಗು ಇದ್ದಕ್ಕಿದ್ದಂತೆ ಬದಲಾದರೆ ಎರಡು ವಾರ ಕಾಯಬೇಡಿ. ಮಾತಾಡುತ್ತಿದ್ದವಳು ಮಂಕಾದರೆ, ಮನೆಗೆ ಹೋಗಲು ಹೆದರಿದರೆ, ಮೈಮೇಲೆ ಗಾಯ ಕಂಡರೆ ಅವಳೊಬ್ಬಳೇ ಇದ್ದಾಗ ಮೆಲ್ಲಗೆ ಮಾತಾಡಿಸಿ. ಏನಾದರೂ ಹೇಳಿಕೊಂಡರೆ ಕೆದಕಿ ಕೆದಕಿ ಕೇಳಬೇಡಿ. ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದಿಡಿ, ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮನೆಯವರು ಬೇಡ ಎಂದರೂ.