ಜರ್ಮನಿ ಆರ್ಡರ್ ನಂಬಿ ಹೊಸ ಮೆಷಿನ್ ತೆಗೆದುಕೊಳ್ಳುವ ಮುಂಚೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರಿಗೆ ಇದು. ನಮ್ಮದು ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೆಷಿನ್) ಇದ್ದ ಶೆಡ್ಡು. ನಾವು ಟರ್ನಿಂಗ್ ಮಾಡಿಕೊಟ್ಟ ಪಿನ್ನು, ಬುಷ್ಷು ಬೆಂಗಳೂರಿನ ಒಂದು ಕಂಪನಿಗೆ ಹೋಗಿ, ಅಲ್ಲಿಂದ ಜರ್ಮನಿಯ ಕಾರು ಸೇರುತ್ತವೆ. ಐದನೇ ಮೆಷಿನ್ನಿಗೆ ಸಾಲ ಮಾಡಿದ ಮೂರೇ ತಿಂಗಳಿಗೆ ಆರ್ಡರ್ ಅರ್ಧಕ್ಕೆ ಇಳಿಯಿತು. ಯಾಕೆ ಅಂತ ಕೇಳಿದರೆ "ಅಲ್ಲಿ ಸ್ವಲ್ಪ ಡಲ್ಲು ಸಾರ್" ಅಂದರು, ಅಷ್ಟೇ. ಆಮೇಲೆ ನಾನೇ ನೋಡೋದು ಕಲಿತೆ.

ಮೊದಲು ಗ್ಯಾಸ್ ನೋಡಿ, ಅದು ದುಬಾರಿಯಾದರೆ ಅಲ್ಲಿನ ಕಾರ್ಖಾನೆಗಳಿಗೆ ಕಷ್ಟ, ಅವರ ಕೆಲಸ ಇಳಿದರೆ ನಮ್ಮ ಆರ್ಡರೂ ಇಳಿಯುತ್ತದೆ. 2021ರಲ್ಲಿ ಜರ್ಮನಿ ತರಿಸುತ್ತಿದ್ದ ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ಸೆಪ್ಟೆಂಬರ್‌ನಲ್ಲಿ ರಷ್ಯಾದಿಂದ ಜರ್ಮನಿಗೆ ಗ್ಯಾಸ್ ತರೋಕೆ ಹಾಕಿದ್ದ ನಾರ್ಡ್ ಸ್ಟ್ರೀಮ್ ಪೈಪುಗಳು ಸಮುದ್ರದಡಿ ಸ್ಫೋಟಗೊಂಡವು. ಡಿಸೆಂಬರ್ ಹೊತ್ತಿಗೆ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ಹಡಗಿನಿಂದ ಎಲ್‌ಎನ್‌ಜಿ (ದ್ರವ ಮಾಡಿದ ಗ್ಯಾಸ್) ಇಳಿಸೋ ವ್ಯವಸ್ಥೆ ಮಾಡಿಕೊಂಡರು, ಆದರೆ ಹಳೇ ರೇಟು ವಾಪಸ್ ಬರಲಿಲ್ಲ. ಇದರ ನಡುವೆ 2023ರ ಏಪ್ರಿಲ್ 15ಕ್ಕೆ ಕೊನೆಯ ಮೂರು ಅಣು ಸ್ಥಾವರಗಳನ್ನೂ ಮುಚ್ಚಿದರು (ಆ ಹೊತ್ತಲ್ಲೇ ಯಾಕೆ ಮುಚ್ಚಬೇಕಿತ್ತೋ, ನನಗಂತೂ ಅರ್ಥವಾಗಿಲ್ಲ). ಜೂನ್, ಜುಲೈನಲ್ಲಿ ಪೇಪರ್ ಬಿಡಿಸಿದ ಕೂಡಲೇ ನಾವು ಕೆಆರ್‌ಎಸ್ ಎಷ್ಟು ಅಡಿ ಅಂತ ಹುಡುಕ್ತೀವಲ್ವಾ? ಅವರ ಗ್ಯಾಸ್ ಸಂಗ್ರಹದ ಲೆಕ್ಕವೂ ಹಾಗೇ ದಿನಾ ಶೇಕಡಾದಲ್ಲಿ ನೆಟ್‌ನಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ತುಂಬುತ್ತದೆ, ಚಳಿಗಾಲದಲ್ಲಿ ಖಾಲಿಯಾಗುತ್ತದೆ. ನವೆಂಬರ್ ಮೊದಲ ವಾರದ ಅಂಕಿಯನ್ನು ಹಿಂದಿನ ವರ್ಷದ ಅದೇ ವಾರದ ಜೊತೆ ಹೋಲಿಸಿ. ತೀರಾ ಕಡಿಮೆ ಇದ್ದರೆ ಆ ಚಳಿಗಾಲದಲ್ಲಿ ಸಾಲ ಮಾಡಬೇಡಿ.

ನದಿ ನೀರನ್ನೂ ನೋಡಬೇಕು, ಅದು ಇಳಿದರೆ ಅಲ್ಲಿನ ಕಾರ್ಖಾನೆಗಳಿಗೆ ಸರಕು ಸರಿಯಾಗಿ ತಲುಪಲ್ಲ. ರೈನ್ ನದಿಯಲ್ಲಿ ಕೌಬ್ ಅಂತ ಒಂದು ಊರಿದೆ, ಲುಡ್ವಿಗ್ಸ್‌ಹಾಫೆನ್‌ನ ದೊಡ್ಡ ಕೆಮಿಕಲ್ ಕಾರ್ಖಾನೆಗೆ ಕೆಳಗಿನಿಂದ ಹೋಗೋ ಸರಕು ದೋಣಿಗಳು ಅದನ್ನು ದಾಟಲೇಬೇಕು. 2022ರ ಆಗಸ್ಟ್‌ನಲ್ಲಿ ಅಲ್ಲಿನ ನೀರಿನ ಅಳತೆ 40 ಸೆಂಟಿಮೀಟರಿಗಿಂತ ಕೆಳಗೆ ಹೋಯಿತು. ಅದು ನದಿಯ ಪೂರ್ತಿ ಆಳವಲ್ಲ, ಅಳತೆ ಪಟ್ಟಿಯ ಗುರುತು, ಆದರೂ ದೋಣಿಗಳು ಅರ್ಧಂಬರ್ಧ ತುಂಬಿಕೊಂಡೇ ಓಡಾಡಬೇಕಾಯಿತು.

ಇನ್ನು ನಾನು ನಿಜವಾಗಿ ಬೇಸ್ತು ಬಿದ್ದ ಜಾಗ. ಅಲ್ಲಿನ ಸರ್ಕಾರಿ ಅಂಕಿಅಂಶ ಇಲಾಖೆ ಪ್ರತಿ ತಿಂಗಳು ಕಾರ್ಖಾನೆಗಳಿಗೆ ಬಂದ ಆರ್ಡರ್ ಎಷ್ಟು ಅಂತ ಹೇಳುತ್ತದೆ. "ಆರ್ಡರ್ ಏರಿಕೆ" ಅನ್ನೋ ಹೆಡ್‌ಲೈನ್ ನೋಡಿ ಖುಷಿಪಟ್ಟೆ. ಆದರೆ ವಿಮಾನ, ರೈಲು, ಹಡಗು, ಟ್ಯಾಂಕಿನಂಥ ಒಂದೆರಡು ದೊಡ್ಡ ಆರ್ಡರ್ ಬಂದರೂ ಆ ಅಂಕಿ ಜಿಗಿಯುತ್ತದೆ. ಸೈನ್ಯದ ಖರ್ಚು ಈಗ ಜೋರಾಗಿದೆ: 2022ರ ಫೆಬ್ರವರಿ 27ರಂದು ಆಗಿನ ಚಾನ್ಸೆಲರ್ ಶೋಲ್ಜ್ 10,000 ಕೋಟಿ ಯೂರೋ ಘೋಷಿಸಿದರು, 2025ರ ಮಾರ್ಚ್‌ನಲ್ಲಿ ಸಂವಿಧಾನವನ್ನೇ ತಿದ್ದಿ ಜಿಡಿಪಿಯ 1%ಗಿಂತ ಮೇಲಿನ ರಕ್ಷಣಾ ಖರ್ಚನ್ನು ಸರ್ಕಾರದ ಸಾಲದ ಮಿತಿಯಿಂದ ಹೊರಗಿಟ್ಟರು. ಟ್ಯಾಂಕಿಗೆ ದುಡ್ಡು ಬಂದರೆ ನಮ್ಮ ಬುಷ್ಷಿಗೇನು ಬಂತು? ಹಾಗಾಗಿ ಅದೇ ವರದಿಯಲ್ಲಿ ಕೆಳಗೆ, ದೊಡ್ಡ ಆರ್ಡರ್ ಬಿಟ್ಟು ಕೊಡುವ ಇನ್ನೊಂದು ಅಂಕಿ ಇರುತ್ತದೆ, ಅದನ್ನೇ ನೋಡಿ. ಮೂರು ತಿಂಗಳು ಸಾಲಾಗಿ ಏರಿದರೆ ಮಾತ್ರ ನಂಬಿ.

ಕಾರಿನ ಕಥೆ ಬೇರೆಯೇ ಇದೆ. ಚೀನಾದಲ್ಲಿ ಅಲ್ಲಿಯದೇ ಎಲೆಕ್ಟ್ರಿಕ್ ಕಾರುಗಳು ಜರ್ಮನ್ ಕಾರುಗಳ ಗಿರಾಕಿಯನ್ನು ಕಿತ್ತುಕೊಂಡಿವೆ, ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಕೆಲಸ ಕಡಿಮೆ ಮಾಡಲು 2024ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡಿದೆ. ಅದಕ್ಕೇ ನಿಮ್ಮ ಬೆಂಗಳೂರಿನವರನ್ನು ನೇರವಾಗಿ ಕೇಳಿ: ಈ ಪೀಸು ಕಾರಿನ ಯಾವ ಭಾಗಕ್ಕೆ ಹೋಗುತ್ತೆ? ಎಂಜಿನ್ ಒಳಗೆ ಅಂದರೆ ಹುಷಾರು. ಬ್ರೇಕು, ಸೀಟು ಅಂದರೆ ಪರವಾಗಿಲ್ಲ, ಎಲೆಕ್ಟ್ರಿಕ್ ಕಾರಿಗೂ ಅವು ಬೇಕು. ಪಿಒದಲ್ಲಿ (ಅವರು ಬರೆದು ಕೊಡೋ ಖರೀದಿ ಆರ್ಡರ್) ತಿಂಗಳಿಗೆ ಕನಿಷ್ಠ ಎಷ್ಟು ಪೀಸು ಅಂತ ಬರೆಸಿಕೊಳ್ಳಿ, ಸುಮ್ನೆ ಬಾಯಿಮಾತಿಗೆ ಮೆಷಿನ್ ತರಬೇಡಿ.

ನನ್ನ ಐದನೇ ಮೆಷಿನ್ನು ಈಗ ಮಂಡ್ಯ ಕಡೆಯ ಆಲೆಮನೆ ಗಾಣಗಳಿಗೆ ಪಿನ್ನು ಮಾಡುತ್ತಿದೆ. ರೇಟು ಕಡಿಮೆ, ಆದರೆ ಮಾಲು ಎತ್ತುವಾಗಲೇ ದುಡ್ಡು ಕೊಡ್ತಾರೆ, ಕಂತು ಹೇಗೋ ನಡೀತಿದೆ.