ಛೆಟ್ರಿಯನ್ನು ಪಕ್ಕಕ್ಕಿಟ್ಟು ನೋಡಿದಾಗ

2025ರ ಏಪ್ರಿಲ್ 12ರ ರಾತ್ರಿ ನಾವು ಐದು ಜನ ನಮ್ಮ ಮನೆಯ ಟೀವಿ ಮುಂದೆ ಕೂತಿದ್ದೆವು. ಕೋಲ್ಕತ್ತಾದಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಫೈನಲ್. ಆಡುತ್ತಿದ್ದದ್ದು ನಮ್ಮ ಬೆಂಗಳೂರು ಎಫ್‌ಸಿ, ಅಂದರೆ ಬಿಎಫ್‌ಸಿ. ಎಕ್ಸ್‌ಟ್ರಾ ಟೈಮ್‌ನಲ್ಲಿ ಮೋಹನ್ ಬಾಗನ್ 2-1ರಿಂದ ಗೆದ್ದುಬಿಟ್ಟಿತು. ಸೋತದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ನಮಗೆ ಸಿಕ್ಕಿದ ಒಂದೇ ಒಂದು ಗೋಲೂ ಅವರ ಡಿಫೆಂಡರ್ ಹೊಡೆದುಕೊಂಡ ಸೇಮ್ ಸೈಡ್ ಗೋಲು.

"ಇಷ್ಟು ವರ್ಷದಲ್ಲಿ ನಮ್ಮ ಬಿಎಫ್‌ಸಿಗೆ ಬಂದ ಸ್ಟ್ರೈಕರ್‌ಗಳಲ್ಲಿ ಯಾರಪ್ಪಾ ಬೆಸ್ಟು?" ಅಂತ ಕೆಳಗಿನ ಮನೆ ಅಂಕಲ್ ಕೇಳಿದರು. ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡಿ ಬೆಳೆದವರು. ಅವರು ಕೇಳಿದರೆ ಸುಮ್ನೆ ಕೇಳಿದ್ದಲ್ಲ ಅಂತ ನಮಗೆ ಗೊತ್ತು.

ನನ್ನ ಚಿಕ್ಕಪ್ಪನ ಮಗ ತಲೆ ಎತ್ತದೆ "ಸುನಿಲ್ ಛೆಟ್ರಿ" ಅಂದ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆ ಸೀಸನ್ನಿನಲ್ಲಿ 40 ವರ್ಷದ ಮನುಷ್ಯ 14 ಗೋಲು ಹೊಡೆದಿದ್ದ. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಕಂಠೀರವದಲ್ಲಿ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಗೋವಾದವರ ಮೈದಾನದಲ್ಲಿ ಕೊನೇ ಗಳಿಗೆಯ ಹೆಡರ್. ಅದಕ್ಕೆ ಯಾರು ಎದುರಾಡುತ್ತಾರೆ?

ಅಂಕಲ್ ಎದುರಾಡಿದರು. "ಅದು ಉತ್ತರ ಅಲ್ಲ ಕಣಯ್ಯಾ. ಯೋಚನೆ ಮಾಡೋಕೆ ಸೋಮಾರಿತನ. ಅವನನ್ನು ಬಿಟ್ಟು ಹೇಳು."

ಹೀಗೆ ಶುರುವಾಯಿತು. ತೀರ್ಮಾನಕ್ಕೆ ಒಂದು ತಿಂಗಳು ಗಡುವು, ಸೋತವರು ಎಲ್ಲರಿಗೂ ದೊನ್ನೆ ಬಿರಿಯಾನಿ ಕೊಡಿಸಬೇಕು. ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವನಿಗೆ ಈ ಗ್ರಹಚಾರ ಎಲ್ಲಿ ಹೋದರೂ ತಪ್ಪಲ್ಲ.

ಮೊದಲ ವಾರ ನಾನು ಮಾಡಿದ್ದು ದಡ್ಡತನ. ಒಂದು ಉದ್ದ ನೋಟ್‌ಬುಕ್ ತಗೊಂಡು ಹೆಸರು, ಮ್ಯಾಚು, ಗೋಲು ಅಂತ ಮೂರು ಗೆರೆ ಎಳೆದೆ. ಜಾಸ್ತಿ ಗೋಲು ಹೊಡೆದವನು ಮೇಲೆ, ಕಮ್ಮಿ ಹೊಡೆದವನು ಕೆಳಗೆ. ಎರಡೇ ದಿನದಲ್ಲಿ ಆ ಪುಟ ಹರಿದು ಹಾಕಿದೆ.

ಯಾಕೆ ಅಂದರೆ, ಮೊದಲನೇದಾಗಿ ಲೆಕ್ಕವೇ ಕಲಸಿಹೋಗಿತ್ತು. ಛೆಟ್ರಿಯನ್ನು ಸುಮ್ನೆ ಅಳತೆಗೆ ಇರಲಿ ಅಂತ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೆ. ಟೀವಿಯಲ್ಲಿ "ಐಎಸ್‌ಎಲ್‌ನಲ್ಲಿ ಇಷ್ಟು ಗೋಲು" ಅಂತ ತೋರಿಸುತ್ತಾರಲ್ಲ, ಅದನ್ನೇ ಬರೆದುಕೊಂಡೆ. ಆದರೆ 2015 ಮತ್ತು 2016ರಲ್ಲಿ ಅವನು ಐಎಸ್‌ಎಲ್ ಆಡಿದ್ದು ಮುಂಬೈ ಸಿಟಿಗೆ. ಬಿಎಫ್‌ಸಿ ಆಗ ಇನ್ನೂ ದೇಶದ ಇನ್ನೊಂದು ಲೀಗ್ ಆದ ಐ-ಲೀಗ್‌ನಲ್ಲಿತ್ತು, ಐಎಸ್‌ಎಲ್‌ಗೆ ಬಂದದ್ದು 2017ರಲ್ಲಿ. ಅಂದರೆ ಮುಂಬೈ ಗೋಲುಗಳನ್ನು ನಾನು ಬೆಂಗಳೂರಿನ ಖಾತೆಗೆ ಜಮಾ ಮಾಡಿದ್ದೆ! ಕಚೇರಿಯಲ್ಲಿ ಹೀಗೆ ಮಾಡಿದ್ದರೆ ನೋಟಿಸ್ ಬರುತ್ತಿತ್ತು. ಮತ್ತೆ ಕೂತು ಐ-ಲೀಗ್, ಫೆಡರೇಷನ್ ಕಪ್, ಐಎಸ್‌ಎಲ್, ಸೂಪರ್ ಕಪ್, ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಎಲ್ಲವನ್ನೂ ಬೇರೆ ಬೇರೆ ಬರೆದೆ. ಹಾಗೆ ಬರೆಯುವಾಗ ಒಂದು ತಮಾಷೆ ಸಿಕ್ಕಿತು. 2013-14ರ ಐ-ಲೀಗ್‌ನಲ್ಲಿ ಛೆಟ್ರಿ ಗೋಲು 14. 2017-18ರ ಐಎಸ್‌ಎಲ್‌ನಲ್ಲಿ 14. 2024-25ರಲ್ಲಿ ಮತ್ತೆ 14. ಮನುಷ್ಯನೋ, ತಿಂಗಳ ಸಂಬಳವೋ.

ಎರಡನೇದು ಪಾರೊ ಸಮಸ್ಯೆ. 2020ರ ಫೆಬ್ರುವರಿಯಲ್ಲಿ ಎಎಫ್‌ಸಿ ಕಪ್ ಅರ್ಹತಾ ಸುತ್ತಿನಲ್ಲಿ ಭೂತಾನಿನ ಪಾರೊ ಎಫ್‌ಸಿ ಕಂಠೀರವಕ್ಕೆ ಬಂದಿತ್ತು. ನಾವು 9-1ರಿಂದ ಗೆದ್ದೆವು. ಸೆಂಬೊಯ್ ಹಾವೊಕಿಪ್ ನಾಲ್ಕು ಗೋಲು, ಡೆಶಾರ್ನ್ ಬ್ರೌನ್ ಮೂರು. ಒಂದೇ ಸಂಜೆಯಲ್ಲಿ ಇಬ್ಬರೂ ನನ್ನ ಪಟ್ಟಿಯಲ್ಲಿ ಏಣಿ ಹತ್ತಿಬಿಟ್ಟರು. ಹುಡುಗರ ಆಟ ಕೆಟ್ಟದ್ದು ಅನ್ನುತ್ತಿಲ್ಲ. ಆದರೆ ಆ ಏಳು ಗೋಲುಗಳ ತೂಕವೂ, 2016ರಲ್ಲಿ ಜೊಹೊರ್ ಮೇಲೆ ಬಂದ ಎರಡು ಗೋಲುಗಳ ತೂಕವೂ ಒಂದೇನಾ?

ಜೊಹೊರ್ ವಿಷಯ ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್. ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ 1-1 ಆಗಿತ್ತು. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಅವರು ಗೋಲು ಹೊಡೆದರು. ಕಂಠೀರವದ ಅಷ್ಟೂ ಗದ್ದಲ ಯಾರೋ ಸ್ವಿಚ್ ಒತ್ತಿದ ಹಾಗೆ ನಿಂತುಹೋಯಿತು. ನಾನಿದ್ದ ಸ್ಟ್ಯಾಂಡ್‌ನಲ್ಲಿ ಕಡಲೆಕಾಯಿ ಸಿಪ್ಪೆ ಬಿಡಿಸುವ ಸದ್ದು ಕೇಳುತ್ತಿತ್ತು. ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ಛೆಟ್ರಿಯ ಹೆಡರ್. ಆಮೇಲೆ ದೂರದಿಂದ ಹೊಡೆದ ಇನ್ನೊಂದು. ಅದು ಬಲೆಗೆ ಬೀಳುವುದನ್ನು ನಾನು ನೋಡಲೇ ಇಲ್ಲ, ಮುಂದೆ ಇದ್ದವರೆಲ್ಲ ಎದ್ದು ನಿಂತುಬಿಟ್ಟಿದ್ದರು. ಮೂರನೇದು ಹುವಾನನ್ ಹೊಡೆದ. 3-1. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆದೆವು. ದೋಹಾದಲ್ಲಿ ಇರಾಕಿನ ತಂಡದ ಎದುರು ಫೈನಲ್ ಸೋತೆವು, ಅದು ಬೇರೆ ಮಾತು.

ಈ ಮ್ಯಾಚ್ ನೆನೆದ ಮೇಲೆ ನನ್ನ ನಿಯಮ ಬದಲಾಯಿಸಿದೆ. ಪ್ರತಿ ಗೋಲಿನ ಪಕ್ಕ ಆಗಿನ ಸ್ಕೋರ್ ಬರೆಯಬೇಕು. ಹಿಂದಿದ್ದಾಗ ಅಥವಾ ಸಮ ಇದ್ದಾಗ ಬಂದ ಗೋಲಿಗೆ ಒಂದು ಅಂಕ. ಆಗಲೇ ಗೆಲ್ಲುತ್ತಿದ್ದಾಗ, ಅಥವಾ ಹೊಡೆದೂ ಫಲಿತಾಂಶ ಬದಲಾಗದೆ ಇದ್ದಾಗ ಅರ್ಧ. ಫೈನಲ್ ಆದರೆ ಎರಡರಷ್ಟು.

ಮೂರನೇ ತಲೆನೋವು: ಸ್ಟ್ರೈಕರ್ ಅಂದರೆ ಯಾರು? ನಮ್ಮ ಗುಂಪಿನಲ್ಲಿ ಕಣ್ಣೂರಿನ ಗೆಳೆಯ ಒಬ್ಬನಿದ್ದಾನೆ. ಅವನ ಅಭ್ಯರ್ಥಿ ಸಿ.ಕೆ. ವಿನೀತ್, ಅವನೂ ಕಣ್ಣೂರಿನವನೇ. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್, ಎದುರಿಗೆ ಮೋಹನ್ ಬಾಗನ್. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್‌ನಲ್ಲಿ ವಿನೀತ್ ಎರಡು ಹೊಡೆದ, ಕಪ್ ಬಂತು. ನನ್ನದೇ ನಿಯಮದ ಪ್ರಕಾರ ಅವನಿಗೆ ರಾಶಿ ಅಂಕ. "ಆದರೆ ಅವನು ವಿಂಗರ್ ಅಲ್ವಾ?" ಅಂದೆ. "ಹಾಗಾದ್ರೆ ನಿಮ್ಮ ಛೆಟ್ರಿ ಏನು, ಗೋಲ್‌ಕೀಪರ್ರಾ?" ಅಂದ.

ಮಾತು ಸರಿ ಇತ್ತು. ಬಿಎಫ್‌ಸಿಯಲ್ಲಿ ಛೆಟ್ರಿ ಎಷ್ಟೋ ಸೀಸನ್ ಆಡಿದ್ದು ಎಡಗಡೆಯಿಂದ. ರೋಕಾ ಕೋಚ್ ಆಗಿದ್ದಾಗ, ಆಮೇಲೆ ಕ್ವಾದ್ರತ್ ಕಾಲದಲ್ಲೂ, ನಡುವೆ ವಿದೇಶಿ ಸೆಂಟರ್ ಫಾರ್ವರ್ಡ್ ಒಬ್ಬ ನಿಲ್ಲುತ್ತಿದ್ದ, ಇವನು ಪಕ್ಕದಿಂದ ಒಳಗೆ ನುಗ್ಗುತ್ತಿದ್ದ. ಅಂದರೆ ನಮ್ಮ ಕ್ಲಬ್ಬಿನ ಅತಿ ದೊಡ್ಡ ಸ್ಟ್ರೈಕರ್, ಪಕ್ಕಾ ಸ್ಟ್ರೈಕರ್ ಜಾಗದಲ್ಲಿ ನಿಂತು ಆಡಿದ್ದೇ ಕಮ್ಮಿ. ಇದು ಹೊಳೆದ ಮೇಲೆ ನನಗೆ ಬೇರೆ ಪ್ರಶ್ನೆ ಬಂತು. ಆ ನಡುವಿನ ಜಾಗದಲ್ಲಿ ನಿಂತವನು ಏನು ಮಾಡುತ್ತಿದ್ದ?

ಇದನ್ನು ನೋಟ್‌ಬುಕ್ ಹೇಳಲ್ಲ. ಹಳೇ ಮ್ಯಾಚ್ ಹಾಕಿಕೊಂಡು ನೋಡಲೇಬೇಕು. ಹೈಲೈಟ್ಸ್ ನೋಡಿದರೆ ಪ್ರಯೋಜನವಿಲ್ಲ, ಅದರಲ್ಲಿ ಎಲ್ಲರೂ ಗೋಲು ಹೊಡೆಯುತ್ತಲೇ ಇರುತ್ತಾರೆ. 2017-18ರ ಮೂರು ಪೂರ್ತಿ ಮ್ಯಾಚ್ ಆರಿಸಿಕೊಂಡೆ. ನೋಡುವುದಕ್ಕೆ ಒಂದು ಉಪಾಯ ಮಾಡಿಕೊಂಡೆ: ಹದಿನೈದು ನಿಮಿಷ ಚೆಂಡನ್ನು ನೋಡಬಾರದು, ಆಗ ನಡುವೆ ನಿಲ್ಲುತ್ತಿದ್ದ ಮಿಕುವನ್ನು ಮಾತ್ರ ನೋಡಬೇಕು. ಹೇಳಿದಷ್ಟು ಸುಲಭ ಅಲ್ಲ. ಕಣ್ಣು ತಾನಾಗೇ ಚೆಂಡಿನ ಹಿಂದೆ ಓಡುತ್ತದೆ. ಕ್ಯಾಮೆರಾ ಕೂಡ ನಮ್ಮ ಪರ ಇಲ್ಲ, ಅದೂ ಚೆಂಡಿನ ಹಿಂದೆಯೇ. ಮಿಕು ಪರದೆಯ ಅಂಚಿನಲ್ಲಿ ಒಂದು ನೀಲಿ ಚುಕ್ಕೆ ಆಗಿ ಕಾಣುತ್ತಾನೆ, ಒಮ್ಮೊಮ್ಮೆ ಅದೂ ಇಲ್ಲ.

ಆದರೂ ಕಂಡಿತು. ವೆನೆಜುವೆಲಾದಿಂದ ಬಂದ ಈ ಮನುಷ್ಯ ಮೊದಲು ವೆಲೆನ್ಸಿಯಾ, ಗೆಟಾಫೆಯಂಥ ಕ್ಲಬ್‌ಗಳಲ್ಲಿ ಆಡಿದವನು. ಚೆಂಡು ಇನ್ನೂ ನಮ್ಮ ಹಾಫ್‌ನಲ್ಲಿ ಇರುವಾಗಲೇ ಅವನು ಹಿಂದಕ್ಕೆ ನಡೆದು ಬರುತ್ತಾನೆ. ಓಡಲ್ಲ, ನಡೆಯುತ್ತಾನೆ. ಎದುರಾಳಿ ಸೆಂಟರ್ ಬ್ಯಾಕ್‌ಗೆ ಗೊಂದಲ. ಬೆನ್ನಿಗೆ ಅಂಟಿಕೊಂಡು ಬರಬೇಕಾ, ಅಲ್ಲೇ ನಿಲ್ಲಬೇಕಾ? ಬಂದರೆ ಹಿಂದೆ ಜಾಗ ಖಾಲಿ. ಮಿಕು ಒಂದು ಕೈಯನ್ನು ಹಿಂದಕ್ಕೆ ಚಾಚಿ ಅವನನ್ನು ತಡೆದು, ಚೆಂಡನ್ನು ಒಂದೇ ಟಚ್‌ನಲ್ಲಿ ಮಿಡ್‌ಫೀಲ್ಡ್‌ಗೆ ವಾಪಸ್ ಕೊಡುತ್ತಾನೆ. ಅಷ್ಟರಲ್ಲಿ ಎಡಗಡೆಯಿಂದ ಯಾರು ಆ ಖಾಲಿ ಜಾಗಕ್ಕೆ ನುಗ್ಗಿರುತ್ತಾರೆ ಅಂತ ಹೇಳಬೇಕಾಗಿಲ್ಲ.

ಆ ಸೀಸನ್ ಐಎಸ್‌ಎಲ್‌ನಲ್ಲಿ ಮಿಕು 15, ಛೆಟ್ರಿ 14. ಇಷ್ಟು ದಿನ ಇವನ್ನು ಎರಡು ಬೇರೆ ಸಾಲಿನಲ್ಲಿ ಬರೆಯುತ್ತಿದ್ದೆ. ಮೂರು ಮ್ಯಾಚ್ ನೋಡಿದ ಮೇಲೆ ನನಗೆ ಅದು 29 ಅನ್ನುವ ಒಂದೇ ಸಂಖ್ಯೆಯಾಗಿ ಕಂಡಿತು. ಜಂಟಿ ಖಾತೆ ಇದ್ದ ಹಾಗೆ. ಯಾರು ಎಷ್ಟು ಹಾಕಿದರು ಅಂತ ಬ್ಯಾಂಕಿನವರಿಗೂ ಗೊತ್ತಾಗಲ್ಲ.

ಒಬ್ಬನೇ ಎಳೆದದ್ದೂ ಇದೆ. 2018ರ ಏಪ್ರಿಲ್, ಭುವನೇಶ್ವರದಲ್ಲಿ ಸೂಪರ್ ಕಪ್ ಸೆಮಿಫೈನಲ್. ಮೋಹನ್ ಬಾಗನ್ 1-0 ಮುಂದೆ. ಹಾಫ್ ಟೈಮ್ ಆದ ಸ್ವಲ್ಪದರಲ್ಲೇ ನಮ್ಮ ನಿಶು ಕುಮಾರ್‌ಗೆ ರೆಡ್ ಕಾರ್ಡ್. ಹತ್ತೇ ಜನ. ಆಗ ಮಿಕು ಮೂರು ಗೋಲು ಹೊಡೆದ, ಛೆಟ್ರಿ ಕೊನೆಗೆ ಒಂದು ಸೇರಿಸಿದ, 4-2. ಆಮೇಲೆ ಈಸ್ಟ್ ಬೆಂಗಾಲ್ ಸೋಲಿಸಿ ಕಪ್ಪೂ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮದೇ ಮೈದಾನದಲ್ಲಿ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 3-2ರಲ್ಲಿ ಸೋತಿದ್ದೆವಲ್ಲ, ಅದರ ಎರಡನೇ ಗೋಲು ಮಿಕುದು, ಇಂಜುರಿ ಟೈಮ್‌ನಲ್ಲಿ. ನನ್ನ ನಿಯಮದ ಪ್ರಕಾರ ಫಲಿತಾಂಶ ಬದಲಾಗದ ಗೋಲು, ಅರ್ಧ ಅಂಕ; ಫೈನಲ್ ಅಂತ ಎರಡರಷ್ಟು ಮಾಡಿದರೂ ಒಂದೇ. ಅದನ್ನು ಬರೆಯುವಾಗ ಪೆನ್ನು ಮುಂದೆ ಹೋಗಲಿಲ್ಲ. ಆ ಗೋಲು ಆದಮೇಲೆ ಉಳಿದ ಒಂದೆರಡು ನಿಮಿಷ ಇಡೀ ಸ್ಟೇಡಿಯಂ ನಿಂತೇ ಇತ್ತು. ನಿಯಮ ನಿಯಮವೇ ಅಂತ ಒಂದೇ ಬರೆದೆ.

ಮಿಕ್ಕವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಂಕಲ್ ತಿಂಗಳಿಡೀ ಹಿಡಿದ ಹೆಸರು ಶಾನ್ ರೂನಿ. 2013ರ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗನ್ ಎದುರು ಕ್ಲಬ್ಬಿನ ಮೊಟ್ಟಮೊದಲ ಗೋಲು ಹೊಡೆದ ಆಸ್ಟ್ರೇಲಿಯಾದವನು. ಆ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದೆವು. "ಬುನಾದಿ ಹಾಕಿದವನನ್ನು ಮರೆತು ಬಾಲ್ಕನಿ ಹೊಗಳ್ತೀರಾ" ಅಂತ ಅಂಕಲ್ ವಾದ. ನಮ್ಮ ಆಫೀಸಿನ ಹುಡುಗಿ ಒಬ್ಬಳಿಗೆ ರಾಯ್ ಕೃಷ್ಣ ಇಷ್ಟ. 2023ರ ಫೈನಲ್‌ನಲ್ಲಿ ನಮ್ಮನ್ನು 2-1 ಮುಂದಕ್ಕೆ ತಂದದ್ದು ಅವನೇ, ಆಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಕೈಬಿಟ್ಟುಹೋಯಿತು. ಕ್ಲೀಟನ್ ಸಿಲ್ವಾ ವಿಷಯದಲ್ಲಿ ನನಗೆ ಸ್ವಲ್ಪ ಬೇಜಾರಿದೆ. ಇಲ್ಲಿ ಎರಡು ಸೀಸನ್ ಆಡಿದ, ನಾವು ಅಷ್ಟು ಗಮನಿಸಲಿಲ್ಲ. ಈಸ್ಟ್ ಬೆಂಗಾಲ್‌ಗೆ ಹೋಗಿ 2022-23ರಲ್ಲಿ 12 ಗೋಲು ಹೊಡೆದು ಲೀಗ್‌ನ ಜಂಟಿ ಟಾಪ್ ಸ್ಕೋರರ್ ಆದ.

ತಿಂಗಳ ಕೊನೆಯ ಭಾನುವಾರ ಚೀಟಿ ಹಾಕಿದೆವು. ಛೆಟ್ರಿ ಹೆಸರು ಬರೆದರೆ ಚೀಟಿ ರದ್ದು. ನಾನು ನನ್ನ ನೋಟ್‌ಬುಕ್ ಎಲ್ಲರ ಮುಂದೆ ಇಟ್ಟೆ, ನಿಯಮ ಓದಿ ಹೇಳಿದೆ, ಸಮ ಇದ್ದಾಗ ಬಂದ ಗೋಲು, ಫೈನಲ್ ಗೋಲಿಗೆ ಎರಡರಷ್ಟು, ಎಲ್ಲ. ಸ್ಟೀಲ್ ಡಬ್ಬಿಯಲ್ಲಿ ಐದು ಚೀಟಿ ಬಿದ್ದವು. ಚಿಕ್ಕಪ್ಪನ ಮಗ ಒಂದೊಂದೇ ಬಿಚ್ಚಿದ.

ಮಿಕು. ವಿನೀತ್. ಮಿಕು. ರಾಯ್ ಕೃಷ್ಣ.

ಐದನೇದು ಬಿಚ್ಚಿ ಅವನು ಸ್ವಲ್ಪ ಹೊತ್ತು ನೋಡಿದ. "ರಾಹುಲ್ ಭೆಕೆ" ಅಂತ ಓದಿದ.

"ಅವನು ಡಿಫೆಂಡರ್!" ಅಂತ ಕಣ್ಣೂರಿನವನು ಕೂಗಿದ. ರೂನಿಗೆ ಒಂದೂ ಓಟು ಬಿದ್ದಿರಲಿಲ್ಲ. ಎಲ್ಲರೂ ಅಂಕಲ್ ಕಡೆ ತಿರುಗಿದೆವು. ಅವರು ಕಾಫಿ ಲೋಟ ಕೆಳಗಿಟ್ಟು ನನ್ನ ನೋಟ್‌ಬುಕ್ ಎಳೆದುಕೊಂಡರು.

"2019, ಮಾರ್ಚ್ 17, ಮುಂಬೈ. ಫೈನಲ್ಲೋ ಅಲ್ವೋ? ಗೋವಾ ಎದುರು 0-0, ಸಮ ಇತ್ತೋ ಇಲ್ವೋ? 117ನೇ ನಿಮಿಷ, ದಿಮಾಸ್ ಕಾರ್ನರ್, ಭೆಕೆ ಹೆಡರ್. ಐಎಸ್‌ಎಲ್ ಕಪ್ ನಮ್ಮ ಊರಿಗೆ ಬಂದದ್ದು ಅದೊಂದು ಸಲ. ನಿನ್ನ ನಿಯಮದಲ್ಲೇ ಲೆಕ್ಕ ಹಾಕಪ್ಪಾ."

ಹಾಕಿದೆ. ಆ ಒಂದೇ ಗೋಲಿಗೆ ಪೂರ್ತಿ ಎರಡು ಅಂಕ ಬಂತು. ಐದರಲ್ಲಿ ಎರಡು ಓಟು ಬಂದರೆ ಮಿಕು ಗೆದ್ದ ಹಾಗಾ ಇಲ್ವಾ ಅಂತ ಮತ್ತೆ ಜಗಳ ಹತ್ತಿಕೊಂಡಿತು. ಬಿರಿಯಾನಿ ಬಿಲ್ಲನ್ನು ಐದು ಭಾಗ ಮಾಡಿ ಕೊಟ್ಟೆವು. ಅಂಕಲ್ ಎಕ್ಸ್‌ಟ್ರಾ ಕಬಾಬ್ ತರಿಸಿದ್ದರು, ಅದನ್ನೂ ಸೇರಿಸಿಯೇ.